ನೀವಿಲ್ಲದ ಕೋಣೆಯಲ್ಲಿ ನಿಮ್ಮ ಸಂಬಳ

ಫೆಬ್ರವರಿಯೋ ಮಾರ್ಚೋ ಬಂತೆಂದರೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಮೀಟಿಂಗ್ ರೂಮುಗಳಲ್ಲಿ ನಾಲ್ಕೈದು ಮ್ಯಾನೇಜರುಗಳು, ಅವರ ಮೇಲಿನ ಡೈರೆಕ್ಟರು, ಎಚ್‌ಆರ್ ಕಡೆಯವರೊಬ್ಬರು ಬಾಗಿಲು ಹಾಕಿಕೊಂಡು ಕೂರುತ್ತಾರೆ. ಪರದೆಯ ಮೇಲೊಂದು ಎಕ್ಸೆಲ್ ಶೀಟು, ಸಾಲಿಗೊಂದು ಹೆಸರು. ವರ್ಷವಿಡೀ ದುಡಿದವರ ಪಾಲಿಗೆ ಅಲ್ಲಿ ಸಿಗುವುದು ಎರಡು ಮೂರು ನಿಮಿಷ. ‘ಇವರಿಗೆ ಯಾಕೆ ನಾಲ್ಕು? ಮೂರು ಸಾಕಲ್ವಾ?’ ಎಂದು ಪಕ್ಕದ ತಂಡದ ಮ್ಯಾನೇಜರ್ ಕೇಳುತ್ತಾರೆ. ಆಗ ನಿಮ್ಮ ಮ್ಯಾನೇಜರ್ ಬಾಯಲ್ಲಿ ಏನು ಬರುತ್ತದೋ ಅದರ ಮೇಲೆ ನಿಮ್ಮ ರೇಟಿಂಗು, ರೇಟಿಂಗಿನ ಮೇಲೆ ಹೈಕು, ಹೈಕಿನ ಮೇಲೆ ಮುಂದಿನ ಕಂಪನಿಯ ಆಫರು ನಿಂತಿರುತ್ತದೆ. ಈ ಸಭೆಯನ್ನು ಕ್ಯಾಲಿಬ್ರೇಷನ್ ಎನ್ನುತ್ತಾರೆ. ಅದಕ್ಕೆ ನಿಮಗೆ ಆಹ್ವಾನವಿಲ್ಲ.

ಹೊಸ ಕಂಪನಿಗೆ ಸೇರುವಾಗಲೂ ಹೀಗೆಯೇ. ನೀವು ಫೋನಿನಲ್ಲಿ ಹೇಳಿದ ಅಂಕಿಯನ್ನು ರಿಕ್ರೂಟರ್ ತಾವೇ ಮಂಜೂರು ಮಾಡಲಾರರು. ಫೋನಿಟ್ಟ ಮೇಲೆ ಅವರು ಹೈರಿಂಗ್ ಮ್ಯಾನೇಜರ್ ಹತ್ತಿರ, ಸಂಬಳದ ಬ್ಯಾಂಡ್ ಕಾಯುವ ಕಾಂಪೆನ್ಸೇಷನ್ ತಂಡದ ಹತ್ತಿರ ಹೋಗಿ, ‘ಇವರು ಇಷ್ಟು ಕೇಳುತ್ತಿದ್ದಾರೆ, ಕಾರಣ ಇದು’ ಎಂದು ಒಪ್ಪಿಸಬೇಕು. ಆ ಕಾರಣವನ್ನು ನೀವೇ ಕೊಡದಿದ್ದರೆ ಅವರು ಎಲ್ಲಿಂದ ತರಬೇಕು?

ಸಂಬಳದ ಚೌಕಾಸಿ, ಕಚೇರಿಯಲ್ಲಿ ತನ್ನ ಕೆಲಸವನ್ನು ತಾನು ಹೇಳಿಕೊಳ್ಳುವುದು, ಇವೆರಡನ್ನೂ ಬೇರೆ ಬೇರೆ ಎಂದುಕೊಳ್ಳುವುದು ರೂಢಿ. ನನ್ನ ಲೆಕ್ಕದಲ್ಲಿ ಎರಡೂ ಒಂದೇ ಕೆಲಸ. ನಿಮ್ಮ ಪರವಾಗಿ ಇನ್ನೊಬ್ಬರು ಮಾತಾಡಬೇಕಾಗಿದೆ, ಆ ಮಾತಿಗೆ ಬೇಕಾದ ಸರಕನ್ನು ಮೊದಲೇ ಅವರ ಕೈಗಿಡಬೇಕು. ಗಟ್ಟಿ ಗಂಟಲು ಬೇಕಾಗಿಲ್ಲ. ಮಾತಿನಮಲ್ಲರಲ್ಲದ ಹಾಸನದ, ದಾವಣಗೆರೆಯ, ಕಲಬುರಗಿಯ ಹುಡುಗ ಹುಡುಗಿಯರಿಗೆ ಇದು ಸಮಾಧಾನದ ಸುದ್ದಿಯೇ ಸರಿ.

ಹೈಕಿನ ಗಂಟು ಎಷ್ಟು ದೊಡ್ಡದು

ಮ್ಯಾನೇಜರ್ ಮನಸ್ಸು ಮಾಡಿದರೆ ಎಷ್ಟು ಬೇಕಾದರೂ ಕೊಡಬಹುದು ಎಂದು ಹೊಸಬರು ನಂಬಿರುತ್ತಾರೆ. ಅವರ ಕೈಯಲ್ಲಿರುವುದು ಮೇಲಿನಿಂದ ಬಂದ ಒಂದು ಗಂಟು ಮಾತ್ರ. ಎಂಟು ಜನರ ತಂಡ, ಎಲ್ಲರ ಸಂಬಳ ಸೇರಿ ವರ್ಷಕ್ಕೆ 2 ಕೋಟಿ, ಈ ಸಲದ ಬಜೆಟ್ ಶೇ. 9 ಎಂದುಕೊಳ್ಳಿ. ಹಂಚಲು ಇರುವುದು 18 ಲಕ್ಷ. ಅದರಲ್ಲಿ 25 ಲಕ್ಷ ಸಂಬಳದ ಒಬ್ಬರಿಗೆ ಶೇ. 20 ಕೊಟ್ಟರೆ 5 ಲಕ್ಷ ಖರ್ಚು. ಉಳಿದ 13 ಲಕ್ಷದಲ್ಲಿ ಮಿಕ್ಕ ಏಳು ಜನರಿಗೆ ಸರಾಸರಿ ಶೇ. 7.4 ಕೂಡ ಕಷ್ಟದಲ್ಲೇ ಬರುತ್ತದೆ. ಎಂದರೆ ನಿಮಗೆ ಹೆಚ್ಚು ಕೊಡುವುದೆಂದರೆ ನಿಮ್ಮ ಪಕ್ಕದವರ ತಟ್ಟೆಯಿಂದ ತೆಗೆದು ಕೊಡುವುದು. ಅದಕ್ಕೆ ಮ್ಯಾನೇಜರ್ ಬಳಿ ಗಟ್ಟಿ ಸಮಜಾಯಿಷಿ ಇರಬೇಕಾಗುತ್ತದೆ.

ಇಷ್ಟು ಜನರಿಗೆ ಇಷ್ಟೇ ರೇಟಿಂಗ್ ಎಂದು ಮೊದಲೇ ಗೊತ್ತುಮಾಡುವ ಬೆಲ್ ಕರ್ವ್ ತೆಗೆದುಬಿಟ್ಟಿದ್ದೇವೆ ಎಂದು ಅನೇಕ ಕಂಪನಿಗಳು ಹೇಳಿಕೊಳ್ಳುತ್ತವೆ. ಉದ್ಯೋಗಿಗಳನ್ನು ಸಾಲಾಗಿ ನಿಲ್ಲಿಸಿ ಅಂಕ ಕೊಡುವ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರ ನವೆಂಬರಿನಲ್ಲೇ ಕೈಬಿಟ್ಟಿತು. ಆದರೆ ಗಂಟಿಗೊಂದು ಮಿತಿ ಇರುವವರೆಗೆ ಯಾರಿಗೋ ಹೆಚ್ಚು, ಯಾರಿಗೋ ಕಮ್ಮಿ ಆಗಲೇಬೇಕು. ಹೆಸರು ತೆಗೆದರೂ ಲೆಕ್ಕ ಉಳಿಯುತ್ತದೆ.

ಇಲ್ಲೊಂದು ಒಳಗುಟ್ಟಿದೆ. ಬಹಳಷ್ಟು ಕಂಪನಿಗಳಲ್ಲಿ ಗಂಟು ಒಂದೇ ಇರುವುದಿಲ್ಲ. ವಾರ್ಷಿಕ ಹೈಕಿನದು ಒಂದಾದರೆ ಪ್ರಮೋಷನ್‌ನದು ಇನ್ನೊಂದು. ಮಾರುಕಟ್ಟೆಗಿಂತ ತೀರಾ ಕೆಳಗಿರುವವರಿಗೆ ವರ್ಷದ ಮಧ್ಯೆ ಸರಿಪಡಿಸಿ ಕೊಡುವ ಕರೆಕ್ಷನ್‌ನದು ಮತ್ತೊಂದು. ಬಿಟ್ಟುಹೋದರೆ ಕಷ್ಟ ಎನಿಸುವವರಿಗೆ ಕೊಡುವ ರಿಟೆನ್ಷನ್ ಬೋನಸ್ಸೋ ಷೇರೋ ಬೇರೆಯೇ. ವಾರ್ಷಿಕ ಹೈಕಿನಲ್ಲಿ ಶೇ. 30 ಕೇಳಿದರೆ ಎಂಥ ಒಳ್ಳೆಯ ಮ್ಯಾನೇಜರೂ ಕೈಚೆಲ್ಲುತ್ತಾರೆ. ‘ನನ್ನ ಲೆವೆಲ್‌ಗೆ ಕಂಪನಿಯ ಬ್ಯಾಂಡ್‌ನಲ್ಲಿ ನಾನು ಎಲ್ಲಿದ್ದೇನೆ? ಕೆಳತುದಿಯಲ್ಲಿದ್ದರೆ ಕರೆಕ್ಷನ್‌ಗೆ ಹೆಸರು ಹಾಕಬಹುದೇ?’ ಎಂದು ಕೇಳಿದರೆ ಅವರಿಗೆ ಒಂದು ದಾರಿ ಕಾಣುತ್ತದೆ. ಅದೇ ಹಣ ಬೇರೆ ಬಾಗಿಲಿನಿಂದ ಬರುತ್ತದೆ.

ಕೇಳುವ ಹೊತ್ತೂ ಮುಖ್ಯ. ಏಪ್ರಿಲಿನಲ್ಲೋ ಮೇನಲ್ಲೋ ಪತ್ರ ಕೈಗೆ ಬಂದಾಗ ಮುಖ ಗಂಟಿಕ್ಕಿಕೊಂಡು ಮ್ಯಾನೇಜರ್ ಬಳಿ ಹೋಗುವವರೇ ಹೆಚ್ಚು. ಅಷ್ಟು ಹೊತ್ತಿಗೆ ಶೀಟಿಗೆ ಬೀಗ ಹಾಕಿ ತಿಂಗಳಾಗಿರುತ್ತದೆ. ಜನವರಿಯಲ್ಲಿ ಸೆಲ್ಫ್ ಅಪ್ರೈಸಲ್ ಫಾರ್ಮ್ ತೆರೆಯುವ ಮುನ್ನವೇ ಪ್ರಮೋಷನ್ ಪಟ್ಟಿಯ ಕರಡು ಮ್ಯಾನೇಜರ್ ತಲೆಯಲ್ಲಿ ತಯಾರಾಗಿರುತ್ತದೆ. ಹಾಗಾಗಿ ಏಪ್ರಿಲ್‌ನಿಂದ ಮಾರ್ಚ್ ಲೆಕ್ಕದ ಕಂಪನಿಗಳಲ್ಲಿ ಈ ಮಾತು ಎತ್ತಲು ತಕ್ಕ ಕಾಲ ದೀಪಾವಳಿ ಕಳೆದ ಮೇಲಿನ ನವೆಂಬರು. ಕ್ಯಾಲೆಂಡರ್ ವರ್ಷ ಅನುಸರಿಸುವ ಅಮೆರಿಕನ್ ಕಂಪನಿಗಳ ಇಲ್ಲಿನ ಕಚೇರಿಗಳಲ್ಲಾದರೆ ಆಗಸ್ಟು. ಕೇಳಬೇಕಾದ ಪ್ರಶ್ನೆಯೂ ಉದ್ದದ್ದಲ್ಲ: ‘ಈ ಸಲ ನನ್ನ ಹೆಸರನ್ನು ಮುಂದಿನ ಲೆವೆಲ್‌ಗೆ ಕಳಿಸುವುದಾದರೆ ಕ್ಯಾಲಿಬ್ರೇಷನ್‌ನಲ್ಲಿ ಯಾರು ಆಕ್ಷೇಪ ಎತ್ತಬಹುದು, ಯಾವ ವಿಷಯಕ್ಕೆ?’ ‘ನನಗೆ ಪ್ರಮೋಷನ್ ಕೊಡ್ತೀರಾ?’ ಎಂದರೆ ‘ನೋಡೋಣ’ ಎಂಬ ಉತ್ತರ ಸಿಗುತ್ತದೆ. ಆಕ್ಷೇಪ ಏನು ಬರಬಹುದು ಎಂದು ಕೇಳಿದರೆ ಮ್ಯಾನೇಜರ್ ನಿಮ್ಮ ಪಕ್ಕ ಬಂದು ಕೂತು ಯೋಚಿಸಬೇಕಾಗುತ್ತದೆ.

ಹೇಳಿಕೊಳ್ಳುವ ಸಂಕೋಚ

ತುಂಬಿದ ಕೊಡ ತುಳುಕುವುದಿಲ್ಲ ಎಂದು ಕೇಳಿಸಿಕೊಂಡು ಬೆಳೆದವರು ನಾವು. ಕ್ಯಾಲಿಬ್ರೇಷನ್ ಕೋಣೆಯಲ್ಲಿ ಯಾರೂ ಕೊಡದೊಳಗೆ ಇಣುಕಿ ನೋಡುವುದಿಲ್ಲ ಎಂಬುದೇ ತೊಂದರೆ. ಪಕ್ಕದ ತಂಡದ ಮ್ಯಾನೇಜರ್ ನಿಮ್ಮ ಕೋಡ್ ಓದಿರುವುದಿಲ್ಲ. ನಿಮ್ಮ ಮ್ಯಾನೇಜರಿಗೂ ಜನವರಿಯಲ್ಲಿ ಅಪ್ರೈಸಲ್ ಬರೆಯಲು ಕೂತಾಗ ನೆನಪಿರುವುದು ಅಕ್ಟೋಬರಿನಿಂದ ಈಚೆಗೆ ನಡೆದದ್ದು. ಕಳೆದ ಜೂನಿನಲ್ಲಿ ನೀವು ರಾತ್ರಿ ಎರಡು ಗಂಟೆಗೆ ಎದ್ದು ಪ್ರೊಡಕ್ಷನ್ ಸರಿಮಾಡಿದ್ದು ನಿಮಗೇ ಮರೆತಿರುತ್ತದೆ.

ಇದಕ್ಕೆ ಇರುವ ಮದ್ದು ಬರೆದಿಡುವುದು. ಎಂಜಿನಿಯರ್ ಜೂಲಿಯಾ ಎವಾನ್ಸ್ 2019ರಲ್ಲಿ ಇದನ್ನು ವಿವರಿಸಿ, ಬ್ರ್ಯಾಗ್ ಡಾಕ್ಯುಮೆಂಟ್ ಎಂಬ ಹೆಸರಿನಲ್ಲಿ ಜನಪ್ರಿಯಗೊಳಿಸಿದರು. ಹೆಸರು ಕೇಳಿದರೆ ನಮ್ಮವರಿಗೆ ಮುಜುಗರ. ಕೆಲಸದ ಡೈರಿ ಎಂದುಕೊಳ್ಳಿ. ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚುವ ಮೊದಲು ಹತ್ತು ನಿಮಿಷ, ಆ ವಾರ ಮುಗಿದದ್ದು ಏನು, ಅದರಿಂದ ಯಾರಿಗೆ ಏನಾಯಿತು, ಯಾರು ಮೆಚ್ಚಿ ಏನು ಬರೆದರು. ಅಷ್ಟೇ. ಕ್ಲೈಂಟ್ ಕಳಿಸಿದ ಮೆಚ್ಚುಗೆಯ ಮೇಲ್ ಬಂದರೆ ಅದರ ದಿನಾಂಕ, ಚಾಟ್‌ನಲ್ಲಿ ಬಂದ ಧನ್ಯವಾದಕ್ಕೆ ಒಂದು ಸ್ಕ್ರೀನ್‌ಶಾಟ್. (ಕ್ಲೈಂಟ್‌ನ ಗೌಪ್ಯ ಮಾಹಿತಿ ಅದರಲ್ಲಿ ಬರದಂತೆ ನೋಡಿಕೊಳ್ಳಿ. ಆ ಕಡತ ಕಂಪನಿಯ ಲ್ಯಾಪ್‌ಟಾಪಿನಲ್ಲೇ ಇರಲಿ, ಜಿಮೇಲಿಗೆ ಕಳಿಸಿಕೊಂಡು ಪೇಚಿಗೆ ಸಿಕ್ಕಿಕೊಳ್ಳಬೇಡಿ.)

ಬರೆಯುವ ರೀತಿಯಲ್ಲಿ ಎಷ್ಟು ವ್ಯತ್ಯಾಸ ಇದೆ ಎನ್ನುವುದಕ್ಕೆ ಒಂದು ಉದಾಹರಣೆ. ಸೆಲ್ಫ್ ಅಪ್ರೈಸಲ್ ಫಾರ್ಮಿನಲ್ಲಿ ಹೆಚ್ಚಿನವರು ಬರೆಯುವುದು ಹೀಗೆ: ‘ಪೇಮೆಂಟ್ ಸರ್ವಿಸ್‌ನ ಪರ್ಫಾರ್ಮೆನ್ಸ್ ಸುಧಾರಿಸಿದೆ. ಡೆಡ್‌ಲೈನ್ ಒಳಗೆ ಮುಗಿಸಿದೆ. ತಂಡಕ್ಕೆ ಸಹಕಾರ ನೀಡಿದೆ.’ ಇದನ್ನು ಯಾರ ಹೆಸರಿನ ಮುಂದೆ ಬೇಕಾದರೂ ಅಂಟಿಸಬಹುದು. ಅದೇ ಕೆಲಸವನ್ನು ಹೀಗೆ ಬರೆಯಬಹುದು: ‘ಹಬ್ಬದ ಸೇಲ್ ಸಮಯದಲ್ಲಿ ಪೇಮೆಂಟ್ ರಿಕ್ವೆಸ್ಟ್‌ಗಳಲ್ಲಿ ಶೇ. 2 ಟೈಮ್‌ಔಟ್ ಆಗುತ್ತಿದ್ದವು. ಡೇಟಾಬೇಸ್ ಕನೆಕ್ಷನ್‌ಗಳು ಬಿಡುಗಡೆಯಾಗದೆ ಉಳಿಯುತ್ತಿದ್ದದ್ದು ಕಾರಣ ಎಂದು ಪತ್ತೆ ಹಚ್ಚಿ, ಆ ಭಾಗವನ್ನು ಹೊಸದಾಗಿ ಬರೆದೆ. ಈಗ ಟೈಮ್‌ಔಟ್ ಶೇ. 0.3. ಇದಕ್ಕಾಗಿ ಬರುತ್ತಿದ್ದ ಸಪೋರ್ಟ್ ಟಿಕೆಟ್‌ಗಳು ನಿಂತಿವೆ. ಆನ್-ಕಾಲ್‌ನಲ್ಲಿರುವವರಿಗೆ ಸೇಲ್ ರಾತ್ರಿ ಒಂದು ಕರೆಯೂ ಬರಲಿಲ್ಲ.’ ಇಲ್ಲಿ ಬಡಾಯಿಯ ಒಂದು ಪದವೂ ಇಲ್ಲ. ಆದರೆ ನಿಮ್ಮ ಮ್ಯಾನೇಜರ್ ಅದನ್ನು ಹಾಗೆಯೇ ಎತ್ತಿಕೊಂಡು ಕ್ಯಾಲಿಬ್ರೇಷನ್‌ನಲ್ಲಿ ಓದಬಹುದು. ಸಮಸ್ಯೆ ಏನಿತ್ತು, ನಾನು ಮಾಡಿದ್ದೇನು, ಆಮೇಲೆ ಏನಾಯಿತು ಎಂಬ ಮೂರೂ ಅದರಲ್ಲಿದೆ. ಅಂಕಿ ಸಿಗದಿದ್ದರೆ ಕಟ್ಟಿ ಹೇಳಬೇಡಿ. ‘ಮೊದಲು ಎರಡು ದಿನ ಹಿಡಿಯುತ್ತಿದ್ದ ರಿಲೀಸ್ ಈಗ ಮಧ್ಯಾಹ್ನದೊಳಗೆ ಮುಗಿಯುತ್ತದೆ’ ಎಂದರೂ ನಡೆಯುತ್ತದೆ.

ಆ ಉದಾಹರಣೆಯಲ್ಲಿ ‘ಬರೆದೆ’ ಎಂದಿದೆ, ‘ಬರೆದೆವು’ ಎಂದಿಲ್ಲ. ಇಂಟರ್‌ವ್ಯೂಗಳಲ್ಲೂ ನಮ್ಮವರ ಬಾಯಲ್ಲಿ ಎಲ್ಲವೂ ‘ನಾವು’. ಡಿಸೈನ್ ಮಾಡಿದ್ದು ನಾವು, ಬಗ್ ಹಿಡಿದದ್ದು ನಾವು. ವಿನಯವೇನೋ ಸರಿ, ಆದರೆ ಎದುರಿಗೆ ಕೂತವರಿಗೆ ನೀವು ಅಲ್ಲಿ ಇದ್ದಿರೋ ಇಲ್ಲವೋ ಎಂಬ ಅನುಮಾನ ಹುಟ್ಟುತ್ತದೆ. ಪ್ರಾಜೆಕ್ಟ್ ವಿಷಯಕ್ಕೆ ನಾವು, ನಿಮ್ಮ ಪಾಲಿನ ತುಂಡಿಗೆ ನಾನು. ಜೊತೆಗಿದ್ದವರ ಹೆಸರನ್ನೂ ಹೇಳಿ: ‘ಲೋಡ್ ಟೆಸ್ಟ್ ಪೂರ್ತಿ ಇವರದ್ದು, ಕೋಡ್ ನನ್ನದು.’ ಬೇರೆಯವರ ಪಾಲನ್ನು ಬಿಟ್ಟುಕೊಡುವವರ ಮಾತನ್ನು, ಅವರು ತಮ್ಮ ಪಾಲಿನ ಬಗ್ಗೆ ಹೇಳಿದಾಗಲೂ ಜನ ನಂಬುತ್ತಾರೆ.

ಇದರ ಇನ್ನೊಂದು ತುದಿಯಲ್ಲಿ ಇರುವವರು ಎಲ್ಲ ಕಚೇರಿಯಲ್ಲೂ ಇದ್ದಾರೆ. ಟಿಕೆಟ್ ಒಂದು ಮುಚ್ಚಿದರೆ ನೂರು ಜನರ ಚಾನೆಲ್‌ನಲ್ಲಿ ಡಂಗುರ, ಸರ್ಟಿಫಿಕೇಟ್ ಒಂದು ಬಂದರೆ ಲಿಂಕ್ಡ್‌ಇನ್‌ನಲ್ಲಿ ‘ಥ್ರಿಲ್ಡ್ ಟು ಅನೌನ್ಸ್’. ಅವರನ್ನು ನೋಡಿಯೇ ಉಳಿದವರಿಗೆ ಈ ವಿಷಯದಲ್ಲಿ ವಾಕರಿಕೆ ಬಂದಿರುವುದು. ಆದರೆ ಕ್ಯಾಲಿಬ್ರೇಷನ್‌ನಲ್ಲಿ ಲಿಂಕ್ಡ್‌ಇನ್ ಲೈಕುಗಳನ್ನು ಯಾರೂ ಎಣಿಸುವುದಿಲ್ಲ. ನಿಮ್ಮ ಹೆಸರಿರುವ ಡಿಸೈನ್ ಡಾಕ್ಯುಮೆಂಟ್ ಒಂದು, ದೊಡ್ಡ ಔಟೇಜ್ ಆದ ಮೇಲೆ ನೀವು ಬರೆದ ಪೋಸ್ಟ್‌ಮಾರ್ಟಂ ಒಂದು, ಪಕ್ಕದ ತಂಡದವರು ಕೂತು ನೋಡಿದ ಡೆಮೋ ಒಂದು, ವರ್ಷಕ್ಕೆ ಇಷ್ಟಿದ್ದರೆ ಬೇಕಾದಷ್ಟಾಯಿತು. ಪಕ್ಕದ ತಂಡದವರು ಎಂಬುದನ್ನು ಬೇಕೆಂದೇ ಹೇಳಿದೆ. ಕೋಣೆಯಲ್ಲಿ ‘ಹೌದು, ನಮ್ಮ ಮೈಗ್ರೇಷನ್‌ಗೂ ಅವರೇ ಸಹಾಯ ಮಾಡಿದ್ದು’ ಎಂದು ಇನ್ನೊಬ್ಬ ಮ್ಯಾನೇಜರ್ ಒಂದು ಮಾತು ಸೇರಿಸಿದರೆ, ನಿಮ್ಮ ಮ್ಯಾನೇಜರ್ ಹತ್ತು ಸಲ ಹೊಗಳಿದ್ದಕ್ಕಿಂತ ಅದು ತೂಕ. ಮೀಟಿಂಗಿನಲ್ಲಿ ಇಂಗ್ಲಿಷ್ ಪಟಪಟನೆ ಬರದವರಿಗೂ ಬರವಣಿಗೆಯ ಈ ದಾರಿ ತೆರೆದೇ ಇದೆ. ಬರೆದದ್ದನ್ನು ಕಳಿಸುವ ಮೊದಲು ನಾಲ್ಕು ಸಲ ತಿದ್ದಬಹುದು.

ಇನ್ನೊಂದು ಬಗೆಯ ಕೆಲಸ ಇದೆ, ಎಷ್ಟು ಮಾಡಿದರೂ ಶೀಟಿನಲ್ಲಿ ಕಾಣದ್ದು. ಹೊಸದಾಗಿ ಸೇರಿದವರಿಗೆ ದಾರಿ ತೋರಿಸುವುದು, ಮೀಟಿಂಗಿನ ಟಿಪ್ಪಣಿ ಬರೆಯುವುದು, ಎರಡು ತಂಡಗಳ ಜಗಳ ಬಿಡಿಸುವುದು, ಹಳೆಯದಾದ ಡಾಕ್ಯುಮೆಂಟ್ ಸರಿಪಡಿಸುವುದು. ಟಾನ್ಯಾ ರೈಲಿ ಎಂಬ ಎಂಜಿನಿಯರ್ ಇದನ್ನು ಗ್ಲೂ ವರ್ಕ್ ಎಂದು ಕರೆದು ಭಾಷಣ ಮಾಡಿದ ಮೇಲೆ ಆ ಹೆಸರೇ ನಿಂತಿತು. ಈ ಕೆಲಸ ಇಲ್ಲದೆ ಪ್ರಾಜೆಕ್ಟ್ ನಡೆಯುವುದಿಲ್ಲ, ಆದರೆ ಕಿರಿಯ ಹಂತದಲ್ಲಿ ಇದನ್ನೇ ಹೆಚ್ಚು ಮಾಡಿದವರಿಗೆ ‘ಟೆಕ್ನಿಕಲ್ ಡೆಪ್ತ್ ಸಾಲದು’ ಎಂಬ ಷರಾ ಕಾದಿರುತ್ತದೆ. ಯಾರೂ ಕೈಯೆತ್ತದಿದ್ದಾಗ ಈ ಕೆಲಸಗಳು ಸದ್ದಿಲ್ಲದೆ ಹೆಣ್ಣುಮಕ್ಕಳ ಪಾಲಿಗೆ ಬರುತ್ತವೆ. ಮಾಡಬೇಡಿ ಎಂದು ಹೇಳಲಾರೆ. ಮಾಡುವುದಾದರೆ ಡೈರಿಯಲ್ಲಿ ಬರೆಯಿರಿ, ಮ್ಯಾನೇಜರ್ ಜೊತೆಗಿನ ಮಾತುಕತೆಯಲ್ಲಿ ‘ಈ ಕ್ವಾರ್ಟರ್‌ನಲ್ಲಿ ನನ್ನ ಸಮಯದ ಕಾಲು ಭಾಗ ಇದಕ್ಕೆ ಹೋಗುತ್ತಿದೆ, ರೇಟಿಂಗಿನಲ್ಲಿ ಇದು ಲೆಕ್ಕಕ್ಕೆ ಬರುತ್ತದೆಯೇ?’ ಎಂದು ನೇರವಾಗಿ ಕೇಳಿ. ಬರುವುದಿಲ್ಲ ಎಂದಾದರೆ ಸರದಿ ಮೇಲೆ ಹಂಚಲು ಹೇಳಿ.

ಹೆಣ್ಣುಮಕ್ಕಳ ವಿಷಯ ಬಂದದ್ದಕ್ಕೆ ಇನ್ನೆರಡು ಮಾತು. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲಾ ಮೈಕ್ರೋಸಾಫ್ಟ್ ಮುಖ್ಯಸ್ಥರಾದ ವರ್ಷವೇ, 2014ರ ಅಕ್ಟೋಬರಿನಲ್ಲಿ, ತಂತ್ರಜ್ಞಾನ ಕ್ಷೇತ್ರದ ಮಹಿಳೆಯರ ಸಮ್ಮೇಳನವೊಂದರಲ್ಲಿ ಮಾತಾಡುತ್ತಾ, ಸಂಬಳ ಹೆಚ್ಚಿಸಿ ಎಂದು ಕೇಳದೆ ವ್ಯವಸ್ಥೆಯ ಮೇಲೆ ನಂಬಿಕೆ ಇಡಿ, ಅದು ಒಳ್ಳೆಯ ಕರ್ಮ ಎಂಬ ಅರ್ಥದ ಮಾತಾಡಿಬಿಟ್ಟರು. ಗದ್ದಲವಾಯಿತು. ಅದೇ ದಿನ ತಮ್ಮ ಉದ್ಯೋಗಿಗಳಿಗೆ ಪತ್ರ ಬರೆದು, ತಾವು ಹೇಳಿದ್ದು ಪೂರ್ತಿ ತಪ್ಪು, ಹೆಚ್ಚಿಗೆ ಸಿಗಬೇಕು ಅನ್ನಿಸಿದರೆ ಕೇಳಿಬಿಡಿ ಎಂದರು. ಎರಡನೆಯ ಮಾತೇ ಸರಿ. ಆದರೆ ಕೇಳಿದಾಗ ಗಂಡಸಿಗೆ ‘ಮಹತ್ವಾಕಾಂಕ್ಷಿ’ ಎಂಬ ಹೆಸರೂ ಹೆಣ್ಣಿಗೆ ‘ಜೋರು’ ಎಂಬ ಹೆಸರೂ ಬರುವುದು ಸುಳ್ಳಲ್ಲ. ಹೆಂಗಸರು ಕೇಳುವುದೇ ಕಮ್ಮಿ ಎಂದು ಬರೆದ ಅರ್ಥಶಾಸ್ತ್ರಜ್ಞೆ ಲಿಂಡಾ ಬ್ಯಾಬ್‌ಕಾಕ್ ಅವರೇ ಮುಂದೆ ಸಂಗಡಿಗರೊಂದಿಗೆ ನಡೆಸಿದ ಅಧ್ಯಯನದಲ್ಲಿ, ಕೇಳಿದ್ದಕ್ಕೆ ಹೆಂಗಸರು ಹೆಚ್ಚು ದಂಡ ತೆರುವುದನ್ನು ಕಂಡರು. ಆದ್ದರಿಂದ ಬ್ಯಾಂಡು, ಲೆವೆಲ್ಲು, ಮಾರುಕಟ್ಟೆ ದರ ಇಂಥ ಹೊರಗಿನ ಅಳತೆಗಳನ್ನು ಮುಂದಿಟ್ಟು ಮಾತಾಡುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಅನ್ಯಾಯವೇ, ಆದರೂ ತಿಳಿದಿರುವುದು ಒಳ್ಳೆಯದು.

24 ಲಕ್ಷ ಎಂದರೆ ಎಷ್ಟು

ಇನ್ನು ಹೊರಗಿನ ಆಫರ್. ಕ್ಯಾಂಪಸ್ಸಿನಿಂದ ದೊಡ್ಡ ಸರ್ವಿಸ್ ಕಂಪನಿಗೆ ಹೋಗುವ ಹೊಸಬರಿಗೆ ಇಲ್ಲಿ ಮಾತೇ ಇಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಸಾಮಾನ್ಯ ಹುದ್ದೆಗೆ 3ರಿಂದ 4 ಲಕ್ಷದ ಆಸುಪಾಸಿನಲ್ಲೇ ನಿಂತಿರುವ ಆ ಸಂಬಳ ಸಾವಿರಾರು ಜನರಿಗೆ ಒಂದೇ ಅಚ್ಚು. ಚೌಕಾಸಿ ಶುರುವಾಗುವುದು ಮೂರ್ನಾಲ್ಕು ವರ್ಷದ ಅನುಭವದ ಮೇಲೆ.

ಮೊದಲು ಯಾವುದಕ್ಕೆ ಚೌಕಾಸಿ ಮಾಡುತ್ತಿದ್ದೇವೆ ಎಂದು ತಿಳಿಯಬೇಕು. ಸಿಟಿಸಿ ಎಂದರೆ ನಿಮ್ಮ ಸಂಬಳವಲ್ಲ, ನಿಮಗಾಗಿ ಕಂಪನಿ ಮಾಡುವ ಖರ್ಚು. 24 ಲಕ್ಷದ ಒಂದು ಆಫರನ್ನು ಬಿಡಿಸಿ ನೋಡೋಣ. ಬೇಸಿಕ್ 12 ಲಕ್ಷ. ಅದರ ಶೇ. 12, ಎಂದರೆ 1,44,000 ಕಂಪನಿಯ ಪಾಲಿನ ಪಿಎಫ್. ಶೇ. 4.81, ಎಂದರೆ 57,720 ಗ್ರಾಚ್ಯುಟಿ. ವೇರಿಯಬಲ್ ಪೇ 2,40,000. ಆರೋಗ್ಯ ವಿಮೆಯ ಕಂತು 20,000. ಉಳಿದ 7,38,280 ಎಚ್‌ಆರ್‌ಎ ಮತ್ತು ಸ್ಪೆಷಲ್ ಅಲೊವೆನ್ಸ್. ತಿಂಗಳ ಪೇಸ್ಲಿಪ್ಪಿನಲ್ಲಿ ಕಾಣುವ ಒಟ್ಟು ಮೊತ್ತ ಸುಮಾರು 1,61,500. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 12,000 ಹೋಯಿತು, ಕರ್ನಾಟಕದ ವೃತ್ತಿ ತೆರಿಗೆ 200 ಹೋಯಿತು. 2025–26ರ ಹೊಸ ಪದ್ಧತಿಯ ದರದಲ್ಲಿ ಆದಾಯ ತೆರಿಗೆ ಹತ್ತಿರ ಹತ್ತಿರ 15,000 ಹೋಯಿತು. ಕೈಗೆ ಬರುವುದು 1,34,000 ಚಿಲ್ಲರೆ. 24 ಲಕ್ಷವನ್ನು ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ ಎರಡು ಲಕ್ಷ ಎಂದುಕೊಂಡು ಫ್ಲ್ಯಾಟಿನ ಇಎಂಐ ಹಾಕಿಕೊಂಡವರಿಗೆ ಮೊದಲ ತಿಂಗಳೇ ಗೊತ್ತಾಗುತ್ತದೆ.

ಪಿಎಫ್ ನಿಮ್ಮದೇ ಹಣ, ಚಿಂತೆಯಿಲ್ಲ. ಗ್ರಾಚ್ಯುಟಿ ಕಾಯಂ ನೌಕರರಿಗೆ ಐದು ವರ್ಷ ಪೂರೈಸಿದರಷ್ಟೇ. ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸುವವರಿಗೆ ಅದು ಕಾಗದದ ಮೇಲಿನ ಅಂಕಿ. ವೇರಿಯಬಲ್ ಕಳೆದ ಮೂರು ವರ್ಷ ಶೇಕಡಾ ಎಷ್ಟು ಕೈಗೆ ಬಂದಿದೆ ಎಂದು ಎಚ್‌ಆರ್ ಬಳಿ ಕೇಳಿ, ಆ ಕಂಪನಿಯಲ್ಲಿ ಪರಿಚಯದವರಿದ್ದರೆ ಅವರ ಬಳಿ ಇನ್ನೊಮ್ಮೆ ಕೇಳಿ. ಜಾಯಿನಿಂಗ್ ಬೋನಸ್ಸನ್ನು ಸಿಟಿಸಿಯೊಳಗೆ ಸೇರಿಸಿ ತೋರಿಸಿದ್ದರೆ ಎರಡನೇ ವರ್ಷ ಸಂಬಳ ಇಳಿಯಿತು ಎಂದೇ ಅರ್ಥ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ‘ವೇತನ’ದ ಭಾಗ ಒಟ್ಟು ಸಂಭಾವನೆಯ ಅರ್ಧಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಬೇಸಿಕ್ ಏರಿದರೆ ಪಿಎಫ್ ಕಡಿತವೂ ಏರಬಹುದು. ಹಾಗಾಗಿ ಬೇಸಿಕ್ ಶೇ. 35–40ರಲ್ಲಿದ್ದ ಹಳೆಯ ಕಂಪನಿಯ ಲೆಕ್ಕವನ್ನು ಹೊಸ ಆಫರಿನ ಜೊತೆ ಹೋಲಿಸುವಾಗ ಸಿಟಿಸಿಗೆ ಸಿಟಿಸಿ ಇಡಬೇಡಿ, ಕೈಗೆ ಬರುವ ಮೊತ್ತಕ್ಕೆ ಕೈಗೆ ಬರುವ ಮೊತ್ತವನ್ನೇ ಇಡಿ.

ಷೇರುಗಳ ಕಥೆ ಉದ್ದದ್ದು, ಇಲ್ಲಿ ಎರಡೇ ಎಚ್ಚರಿಕೆ. ಷೇರು ಮಾರುಕಟ್ಟೆಯಲ್ಲಿರುವ ಕಂಪನಿಯ ಆರ್‌ಎಸ್‌ಯು ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಹಂಚಿ ಬರುತ್ತದೆ, ಖಾತೆಗೆ ಬಿದ್ದ ದಿನವೇ ಅದರ ಬೆಲೆ ಸಂಬಳವೆಂದು ಲೆಕ್ಕವಾಗಿ ತೆರಿಗೆ ಬೀಳುತ್ತದೆ. ಸ್ಟಾರ್ಟಪ್‌ಗಳ ಇಸಾಪ್ ಆದರೆ ಎಷ್ಟು ಸಂಖ್ಯೆ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಒಟ್ಟು ಷೇರುಗಳಲ್ಲಿ ಅದು ಶೇಕಡಾ ಎಷ್ಟು, ಕೊಳ್ಳುವ ಬೆಲೆ ಎಷ್ಟು, ಕೆಲಸ ಬಿಟ್ಟ ಮೇಲೆ ಎಷ್ಟು ದಿನದೊಳಗೆ ಕೊಳ್ಳಬೇಕು, ಇಷ್ಟನ್ನೂ ಕೇಳಿ. ಉತ್ತರ ಬರದಿದ್ದರೆ ಅದನ್ನು ಸೊನ್ನೆ ಎಂದೇ ಹಿಡಿದು ಸಂಬಳ ಮಾತಾಡಿ.

ಫೋನಿನಲ್ಲಿ

ಎಚ್‌ಆರ್ ಮೊದಲ ಕರೆಯಲ್ಲೇ ಮೂರು ಕೇಳುತ್ತಾರೆ: ಕರೆಂಟ್ ಸಿಟಿಸಿ, ಎಕ್ಸ್‌ಪೆಕ್ಟೆಡ್ ಸಿಟಿಸಿ, ನೋಟಿಸ್ ಪೀರಿಯಡ್. ಈಗಿನ ಸಂಬಳ ಬಾಯಿಬಿಡಲೇಬೇಡಿ ಎನ್ನುವುದು ಅಮೆರಿಕದ ಸಲಹೆ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಅಭ್ಯರ್ಥಿಯ ಹಳೆಯ ಸಂಬಳ ಕೇಳುವುದೇ ಕಾನೂನಿಗೆ ವಿರುದ್ಧ. 2023ರಿಂದ ಅಲ್ಲಿ ಹದಿನೈದು ಅಥವಾ ಹೆಚ್ಚು ಜನರಿರುವ ಕಂಪನಿಗಳು ಉದ್ಯೋಗದ ಜಾಹೀರಾತಿನಲ್ಲೇ ಸಂಬಳದ ವ್ಯಾಪ್ತಿ ಹಾಕಬೇಕು. ಭಾರತದಲ್ಲಿ ಆ ರಕ್ಷಣೆ ಇಲ್ಲ. ಇಲ್ಲಿ ಮೂರು ತಿಂಗಳ ಪೇಸ್ಲಿಪ್ ಕೇಳುತ್ತಾರೆ, ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ ಫಾರ್ಮ್ 16 ಕೇಳುತ್ತಾರೆ, ಪಿಎಫ್ ಖಾತೆಯ ಯುಎಎನ್ ಸಂಖ್ಯೆಯ ಮೂಲಕ ಹಿಂದಿನ ಕಂಪನಿಗಳ ಪಟ್ಟಿ ನೋಡುತ್ತಾರೆ. ಆದ್ದರಿಂದ ಹೇಳುವುದಾದರೆ ನಿಜವನ್ನೇ ಹೇಳಿ. ಉಬ್ಬಿಸಿ ಹೇಳಿ ಸಿಕ್ಕಿಬಿದ್ದರೆ ಆಫರ್ ಹೋಗುತ್ತದೆ. ನಿಮ್ಮ ಪ್ರಯತ್ನ ಇರಬೇಕಾದದ್ದು, ಹೊಸ ಅಂಕಿಯನ್ನು ಹಳೆಯದಕ್ಕೆ ಕಟ್ಟಿಹಾಕದಂತೆ ನೋಡಿಕೊಳ್ಳುವುದರಲ್ಲಿ. ಮಾತು ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

‘ನಿಮ್ಮದು ಈಗ 16 ಇದೆ. ನಮ್ಮಲ್ಲಿ ಶೇ. 30ರ ಮೇಲೆ ಹೈಕ್ ಕೊಡುವ ಪಾಲಿಸಿ ಇಲ್ಲ. 20.8ಕ್ಕೆ ಕ್ಲೋಸ್ ಮಾಡೋಣ್ವಾ?’

‘ಈಗಿನ ಕಂಪನಿಗೆ ಫ್ರೆಶರ್ ಆಗಿ ಸೇರಿದ್ದರಿಂದ ಅದು ಹಾಗೇ ಕೆಳಗೆ ಉಳಿದಿದೆ ಮೇಡಂ. ನಾನು ಹೋಲಿಸ್ತಾ ಇರೋದು ಈ ರೋಲ್‌ಗೆ. ಈ ಲೆವೆಲ್‌ಗೆ ನಿಮ್ಮ ಬ್ಯಾಂಡ್ ಎಲ್ಲಿಂದ ಎಲ್ಲಿಗಿದೆ ಅಂತ ಹೇಳಬಹುದಾ?’

‘ಅದನ್ನ ಹೇಳೋ ಹಾಗಿಲ್ಲ. ನಿಮಗೆ ಎಷ್ಟು ಬೇಕು ಹೇಳಿ.’

‘ಫಿಕ್ಸೆಡ್ 24. ಕೊನೆ ರೌಂಡ್‌ನಲ್ಲಿ ನಿಮ್ಮ ಮ್ಯಾನೇಜರ್, ಪೇಮೆಂಟ್ ಸಿಸ್ಟಮ್ ಸ್ಕೇಲ್ ಮಾಡಿದವರೇ ಬೇಕಾಗಿತ್ತು ಅಂದರು. ಅದನ್ನ ಎರಡು ವರ್ಷ ಮಾಡಿದೀನಿ. 24 ಆದರೆ ಇವತ್ತೇ ಒಪ್ಪಿ ಮೇಲ್ ಕಳಿಸ್ತೀನಿ, ಬೇರೆ ಇಂಟರ್‌ವ್ಯೂಗಳನ್ನ ನಿಲ್ಲಿಸ್ತೀನಿ.’

ಇಲ್ಲಿ ರಿಕ್ರೂಟರ್ ಒಳಗೆ ಹೋಗಿ ಹೇಳಲು ಎರಡು ವಾಕ್ಯ ಸಿಕ್ಕಿತು. ಒಂದು, ಮ್ಯಾನೇಜರೇ ಬಯಸಿದ ಅನುಭವ ಇವರಿಗಿದೆ. ಎರಡು, 24ಕ್ಕೆ ಒಪ್ಪಿದರೆ ಕೇಸು ಇವತ್ತೇ ಮುಗಿಯುತ್ತದೆ. ಎರಡನೆಯದು ಅವರಿಗೆ ಬಹಳ ಪ್ರಿಯ. ‘ನನ್ನ ಮನೆ ಬಾಡಿಗೆ ಜಾಸ್ತಿ’, ‘ನನ್ನ ಸ್ನೇಹಿತನಿಗೆ 26 ಸಿಕ್ಕಿದೆ’ ಎಂದರೆ ಅವರು ಒಳಗೆ ಹೋಗಿ ಏನು ಹೇಳಬೇಕು? ಅಂಕಿ ಹೇಳಿದ ಮೇಲೆ ಬಾಯಿ ಮುಚ್ಚಿಕೊಳ್ಳುವುದೂ ಕಲಿಯಬೇಕಾದ ವಿದ್ಯೆ. ಎದುರಿಗಿನವರು ಸುಮ್ಮನಿದ್ದ ಮೂರು ಸೆಕೆಂಡಿಗೆ ಗಾಬರಿಯಾಗಿ ‘22 ಆದರೂ ಪರವಾಗಿಲ್ಲ’ ಎಂದು ತಾವೇ ಇಳಿಸುವವರು ಬೇಕಾದಷ್ಟಿದ್ದಾರೆ.

ಪಾಲಿಸಿ ಇಲ್ಲ ಎನ್ನುವುದು ಒಮ್ಮೊಮ್ಮೆ ನಿಜವೂ ಹೌದು. ಫಿಕ್ಸೆಡ್ ಕದಲದಿದ್ದರೆ ಜಾಯಿನಿಂಗ್ ಬೋನಸ್, ನೋಟಿಸ್ ಬೈಔಟ್, ಷೇರು, ಮನೆಯಿಂದ ಕೆಲಸದ ದಿನಗಳು ಇವೆಲ್ಲ ಬೇರೆ ಬೇರೆ ಬಜೆಟ್‌ಗಳಿಂದ ಬರುತ್ತವೆ. ಆದರೆ ಎಲ್ಲಕ್ಕಿಂತ ದೊಡ್ಡದು ಲೆವೆಲ್. ಎಸ್‌ಡಿಇ-2 ಎಂದು ಸೇರುವುದಕ್ಕೂ ಸೀನಿಯರ್ ಎಂದು ಸೇರುವುದಕ್ಕೂ ಮೊದಲ ವರ್ಷ ಎರಡು ಲಕ್ಷದ ವ್ಯತ್ಯಾಸ ಇರಬಹುದು. ಕೆಳಗಿನ ಲೆವೆಲ್ಲಿನಿಂದ ಒಳಗೆ ಹತ್ತಿ ಬರಲು ಎರಡು ವರ್ಷ ಹಿಡಿಯುತ್ತದೆ. ಲೆವೆಲ್ ಬಗ್ಗೆ ತಕರಾರಿದ್ದರೆ ಆಫರ್ ಲೆಟರ್ ಬರುವ ಮುನ್ನವೇ ಹೈರಿಂಗ್ ಮ್ಯಾನೇಜರ್ ಬಳಿ ಮಾತಾಡಬೇಕು, ಎಚ್‌ಆರ್ ಬಳಿಯಲ್ಲ.

ಮಧ್ಯೆ ಕನ್ಸಲ್ಟೆನ್ಸಿ ಇದ್ದರೆ ಅವರ ಲೆಕ್ಕವನ್ನೂ ತಿಳಿದಿರಿ. ಅವರ ಕಮಿಷನ್ ಸಾಮಾನ್ಯವಾಗಿ ನಿಮ್ಮ ವಾರ್ಷಿಕ ಸಂಬಳದ ಶೇ. 8.33, ಎಂದರೆ ಒಂದು ತಿಂಗಳ ಸಂಬಳದಷ್ಟು. ನಿಮಗೆ ಒಂದು ಲಕ್ಷ ಹೆಚ್ಚಾದರೆ ಅವರಿಗೆ ಸಿಗುವುದು ಎಂಟು ಸಾವಿರ ಚಿಲ್ಲರೆ. 24 ಲಕ್ಷದ ಆಫರನ್ನೇ ನೀವು ಬೇಡವೆಂದರೆ ಅವರಿಗೆ ನಷ್ಟ ಎರಡು ಲಕ್ಷ. ‘ತಗೊಳ್ಳಿ ಸರ್, ಒಳ್ಳೆ ಆಫರ್’ ಎಂದು ಅವರು ಯಾಕೆ ಅಷ್ಟು ಒತ್ತಾಯ ಮಾಡುತ್ತಾರೆ ಎನ್ನುವುದಕ್ಕೆ ಬೇರೆ ವಿವರಣೆ ಬೇಡ.

ನೋಟಿಸ್ ಪೀರಿಯಡ್ ಎಂಬುದು ನಮ್ಮ ಮಾರುಕಟ್ಟೆಯ ವಿಚಿತ್ರ. 90 ದಿನದ ನೋಟಿಸ್ ಇರುವವರನ್ನು ಕೇಳುವವರು ಕಮ್ಮಿ, ರಾಜೀನಾಮೆ ಕೊಟ್ಟು ಕೊನೆಯ ಮೂವತ್ತು ದಿನದಲ್ಲಿರುವವರಿಗೆ ನೌಕರಿ ಡಾಟ್ ಕಾಮ್‌ನಿಂದ ದಿನಕ್ಕೆ ಹತ್ತು ಕರೆ. ಹಾಗಾಗಿ ಒಂದು ಆಫರ್ ಹಿಡಿದು ರಾಜೀನಾಮೆ ಕೊಟ್ಟು, ಮೂರು ತಿಂಗಳಲ್ಲಿ ಇನ್ನೆರಡು ಆಫರ್ ಏರಿಸಿಕೊಳ್ಳುವ ಅಭ್ಯಾಸ ಬೆಳೆದಿದೆ. ಮೂರು ತಿಂಗಳು ಕಟ್ಟಿಹಾಕುವ ಕಂಪನಿಗಳೇ ಇದನ್ನು ಬೆಳೆಸಿದವು ಎಂಬುದು ನನ್ನ ಅಭಿಪ್ರಾಯ. ಆದರೂ ಸೇರುವ ದಿನ ಬೆಳಿಗ್ಗೆ ಫೋನ್ ಆಫ್ ಮಾಡಿಕೊಳ್ಳುವುದು ಬೇಡ. ಬರುವುದಿಲ್ಲ ಎಂದಾದರೆ ಎರಡು ವಾರ ಮೊದಲೇ ಮೇಲ್ ಹಾಕಿ. ರಿಕ್ರೂಟರ್‌ಗಳೂ ಕಂಪನಿ ಬದಲಿಸುತ್ತಾರೆ, ಹೆಸರು ಮರೆಯುವುದಿಲ್ಲ.

ನೀವು ರಾಜೀನಾಮೆ ಕೊಟ್ಟಾಗ ಹಳೆಯ ಕಂಪನಿ ಎಚ್ಚೆತ್ತು ಕೌಂಟರ್ ಆಫರ್ ಕೊಡಬಹುದು. ಹೋಗಬೇಕೆನಿಸಿದ್ದು ಹಣಕ್ಕಷ್ಟೇ ಆಗಿದ್ದರೆ ನಿಲ್ಲುವುದರಲ್ಲಿ ತಪ್ಪೇನಿಲ್ಲ. ಮೊತ್ತ, ಲೆವೆಲ್, ಜಾರಿಯ ದಿನಾಂಕ ಮೂರೂ ಬರವಣಿಗೆಯಲ್ಲಿ ಬರಲಿ, ‘ಮುಂದಿನ ಸೈಕಲ್‌ನಲ್ಲಿ ನೋಡಿಕೊಳ್ಳೋಣ’ ಎಂಬುದನ್ನು ಆಫರ್ ಎಂದು ಎಣಿಸಬೇಡಿ. ಮ್ಯಾನೇಜರ್ ಜೊತೆ ಸರಿಹೋಗದ್ದಕ್ಕೆ, ಕೆಲಸ ಬೇಸರವಾದದ್ದಕ್ಕೆ ಹೊರಟಿದ್ದರೆ ಆ ಮ್ಯಾನೇಜರೂ ಆ ಕೆಲಸವೂ ಸಂಬಳ ಏರಿದ ಮೇಲೂ ಅಲ್ಲೇ ಇರುತ್ತವೆ.

ಸಹಿ ಹಾಕುವ ಮುನ್ನ ಆಫರ್ ಲೆಟರಿನಲ್ಲಿ ಓದಬೇಕಾದ ಒಂದು ಷರತ್ತು ಜಾಯಿನಿಂಗ್ ಬೋನಸ್ಸನ್ನು ವಾಪಸು ಪಡೆಯುವ ಕ್ಲಾಬ್ಯಾಕ್. ವರ್ಷದೊಳಗೆ ಬಿಟ್ಟರೆ ಪೂರ್ತಿ ಕಟ್ಟಬೇಕೋ, ದುಡಿದ ತಿಂಗಳು ಕಳೆದು ಕಟ್ಟಬೇಕೋ ನೋಡಿ. ತೆರಿಗೆ ಕಳೆದು ನಿಮಗೆ ಬಂದ ಹಣವನ್ನು ತೆರಿಗೆ ಸಮೇತ ಕಟ್ಟು ಎಂದಿದ್ದರೆ ಈಗಲೇ ತಿದ್ದಿಸಿ, ಸೇರಿದ ಮೇಲೆ ಯಾರೂ ತಿದ್ದುವುದಿಲ್ಲ. ಸಹಿಯಾದ ಪತ್ರ ಕೈಗೆ ಬರುವವರೆಗೆ ರಾಜೀನಾಮೆ ಕಳಿಸಬೇಡಿ. ವರ್ಷದ ನಡುವೆ ಕಂಪನಿ ಬದಲಿಸಿದರೆ ಹಳೆಯ ಕಂಪನಿಯಲ್ಲಿ ಬಂದ ಆದಾಯ ಮತ್ತು ಕಡಿತವಾದ ತೆರಿಗೆಯ ವಿವರವನ್ನು ಹೊಸ ಕಂಪನಿಯ ಪೇರೋಲ್ ವಿಭಾಗಕ್ಕೆ ಕೊಡಿ. ಕೊಡದಿದ್ದರೆ ಎರಡೂ ಕಡೆ ನಿಮಗೆ ಕೆಳಗಿನ ಸ್ಲ್ಯಾಬ್‌ಗಳ ಲಾಭ ಸಿಕ್ಕಿ ಪ್ರತಿ ತಿಂಗಳು ಕಮ್ಮಿ ತೆರಿಗೆ ಕಡಿತವಾಗುತ್ತಾ ಹೋಗುತ್ತದೆ, ಉಳಿದ ಲಕ್ಷವನ್ನೋ ಒಂದೂವರೆ ಲಕ್ಷವನ್ನೋ ರಿಟರ್ನ್ ಸಲ್ಲಿಸುವಾಗ ಬಡ್ಡಿ ಸಮೇತ ಒಮ್ಮೆಲೇ ಕಟ್ಟಬೇಕಾಗುತ್ತದೆ.